ಯಂತ್ರಕ್ಕೆ ಹದ ಕಲಿಸುವುದು ಹೇಗೆ?
ಕೃಷಿಕರಿಗೆ ಮೈಕ್ರೊಕಂಟ್ರೋಲರಿನ ಮೊದಲ ಪಾಠಗಳು

ಬಿತ್ತುವ ಹದ, ಕುಂಟೆ ಹೊಡೆಯುವ ಹದ, ನೀರು ಕೊಡುವ ಹದ — ಇವನ್ನು ನೀವು ಪುಸ್ತಕ ಓದಿ ಕಲಿತವರಲ್ಲ. ಒಂದು ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಅದುಮಿ, ಉಂಡೆಯನ್ನು ಹೆಬ್ಬೆರಳಿನಿಂದ ಒತ್ತಿ, ಅದು ಹೇಗೆ ಒಡೆಯುತ್ತದೆಂದು ನೋಡಿ, ಇಂದು ನೀರು ಬೇಕೇ, ಇನ್ನೆರಡು ದಿನ ತಾಳಬಹುದೇ ಎಂದು ಹೇಳಬಲ್ಲಿರಿ. ಈ ತಿಳಿವಳಿಕೆ ನಿಮ್ಮ ಕೈಯಲ್ಲಿದೆ.

ಈಗ ಪೇಟೆಯಲ್ಲಿ ತಾವೇ ನೀರು ಹಾಯಿಸುವ ಪೆಟ್ಟಿಗೆಗಳು ದೊರೆಯುತ್ತವೆ. ರಾತ್ರಿ ಪಾಳಿಯಲ್ಲಿ ಕರೆಂಟು ಬರುವ ಊರುಗಳಲ್ಲಿ ಟಾರ್ಚು ಹಿಡಿದು, ಹಾವು ಹುಳುಗಳ ಭಯದಲ್ಲಿ ಬಾವಿಯ ಕಡೆಗೆ ನಡೆಯುವವರಿಗೆ ಇಂತಹ ಪೆಟ್ಟಿಗೆ ವರದಾನವೆಂದೇ ತೋರುತ್ತದೆ. ಆದರೆ ಎರಡು ತೊಂದರೆಗಳಿವೆ. ಒಂದು, ಬೆಳೆ ಹೂವಿಗೆ ಬಂದಿರುವಾಗ ಪೆಟ್ಟಿಗೆ ಕೆಟ್ಟರೆ ರಿಪೇರಿ ಮಾಡುವವನು ದೂರದ ಪಟ್ಟಣದಲ್ಲಿರುತ್ತಾನೆ. ಎರಡು, ಆ ಪೆಟ್ಟಿಗೆಗೆ ನಿಮ್ಮ ಮಣ್ಣಿನ ಹದ ಗೊತ್ತಿರುವುದಿಲ್ಲ. ಎಲ್ಲಿಯೋ ತಯಾರಾಗುವಾಗ ಅದರಲ್ಲಿ ಇಟ್ಟ ಅಂಕಿಯನ್ನೇ ಅದು ಎಲ್ಲ ಹೊಲಗಳಲ್ಲಿಯೂ ನಂಬುತ್ತದೆ.

ಈ ಎರಡಕ್ಕೂ ಪರಿಹಾರ ಒಂದೇ: ಇಂತಹ ಸಾಧನ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನಾವೇ ಚಿಕ್ಕದಾಗಿ ಮಾಡಿ ಕಲಿಯುವುದು. ಇದಕ್ಕೆ ಇಂಜಿನಿಯರಿಂಗ್ ಓದಿರಬೇಕಾಗಿಲ್ಲ. ಮನೆಯಲ್ಲಿ ಪ್ರೌಢಶಾಲೆಗೆ ಹೋಗುವ ಮಗನೋ ಮಗಳೋ ಇದ್ದರೆ ಜೊತೆಯಲ್ಲಿ ಕುಳಿತು ಕಲಿಯಿರಿ. ಅವರಿಗೆ ಕಂಪ್ಯೂಟರ್ ಗೊತ್ತು, ನಿಮಗೆ ಮಣ್ಣು ಗೊತ್ತು. ಈ ಕೆಲಸಕ್ಕೆ ಎರಡೂ ಬೇಕು.

ಮೈಕ್ರೊಕಂಟ್ರೋಲರ್ ಎಂದರೇನು?

ಲೆಕ್ಕ ಮಾಡುವ ಭಾಗ, ನೆನಪಿನ ಭಾಗ, ಹೊರಗಿನ ತಂತಿಗಳೊಡನೆ ವ್ಯವಹರಿಸುವ ಭಾಗ — ಇವೆಲ್ಲ ಒಂದೇ ಚಿಪ್ಪಿನಲ್ಲಿ ಸೇರಿರುವ ಪುಟ್ಟ ಗಣಕವೇ ಮೈಕ್ರೊಕಂಟ್ರೋಲರ್. ಬಟ್ಟೆ ಒಗೆಯುವ ಯಂತ್ರ, ಟಿ.ವಿ. ರಿಮೋಟು, ಎಲೆಕ್ಟ್ರಾನಿಕ್ ತಕ್ಕಡಿ ಮುಂತಾದವುಗಳಲ್ಲಿ ಇಂತಹ ಚಿಪ್ಪು ಇದೆ. ಇದು ಒಮ್ಮೆ ಕಲಿಸಿದ ಕೆಲಸವನ್ನು ಬೇಸರವಿಲ್ಲದೆ ಮಾಡುತ್ತಲೇ ಇರುತ್ತದೆ. ಕಲಿಸದಿದ್ದುದನ್ನು ಮಾತ್ರ ಎಂದಿಗೂ ಮಾಡುವುದಿಲ್ಲ.

ಹೊಸಬರಿಗೆ ಸೂಕ್ತವಾದದ್ದು ಆರ್ಡುಯಿನೊ ಉನೊ ಎಂಬ ಬೋರ್ಡು. ಇಟಲಿಯ ಉತ್ತರ ಭಾಗದ ಇವ್ರಿಯಾ ಪಟ್ಟಣದ ಒಂದು ವಿನ್ಯಾಸ ಶಾಲೆಯಲ್ಲಿ 2005ರಲ್ಲಿ ಆರ್ಡುಯಿನೊ ರೂಪುಗೊಂಡಿತು. ಎಲೆಕ್ಟ್ರಾನಿಕ್ಸ್ ಓದದ ವಿದ್ಯಾರ್ಥಿಗಳೂ ಕಡಿಮೆ ಖರ್ಚಿನಲ್ಲಿ ಕಲಿಯಲಿ ಎಂಬುದೇ ಅದರ ಉದ್ದೇಶವಾಗಿತ್ತು. ಬೋರ್ಡಿನ ನಕ್ಷೆಯನ್ನು ಗುಟ್ಟಾಗಿಡದೆ ಎಲ್ಲರಿಗೂ ಬಿಟ್ಟುಕೊಟ್ಟಿದ್ದರಿಂದ ಹಲವರು ಅದೇ ಮಾದರಿಯ ಬೋರ್ಡುಗಳನ್ನು ತಯಾರಿಸುತ್ತಿದ್ದಾರೆ. ಇವು ಕೆಲವು ನೂರು ರೂಪಾಯಿಗಳಿಗೆ ದೊರೆಯುತ್ತವೆ.

ಈ ಲೇಖನದ ಅಂಕಿಗಳು ಉನೊ ಆರ್ 3 ಮಾದರಿಗೆ ಸಂಬಂಧಿಸಿದವು. 2023ರಲ್ಲಿ ಬಂದ ಆರ್ 4 ಮಾದರಿಯಲ್ಲಿ ಬೇರೆ ಚಿಪ್ಪು ಇದೆ. ಅದರ ಪಿನ್ನುಗಳು ತಾಳುವ ಕರೆಂಟು ಕಡಿಮೆ. ಆರ್ 3ರಲ್ಲಿ 14 ಡಿಜಿಟಲ್ ಪಿನ್ನುಗಳೂ 6 ಅನಲಾಗ್ ಪಿನ್ನುಗಳೂ ಇವೆ. ಡಿಜಿಟಲ್ ಪಿನ್ನಿಗೆ ಇದೆ ಅಥವಾ ಇಲ್ಲ ಎಂಬ ಎರಡೇ ಮಾತು ಗೊತ್ತು. ಅನಲಾಗ್ ಪಿನ್ನಾದರೋ 0ಯಿಂದ 5 ವೋಲ್ಟಿನವರೆಗಿನ ಒತ್ತಡವನ್ನು ಅಳೆದು 0ಯಿಂದ 1023ರ ವರೆಗಿನ ಅಂಕಿಯಾಗಿ ಹೇಳುತ್ತದೆ.

ಬೇಕಾಗುವ ಸಾಮಗ್ರಿಗಳು

1. ಆರ್ಡುಯಿನೊ ಉನೊ ಬೋರ್ಡು ಮತ್ತು ಅದರ ಯು.ಎಸ್.ಬಿ. ಕೇಬಲ್
2. ಬೆಸುಗೆಯಿಲ್ಲದೆ ತಂತಿ ಸಿಕ್ಕಿಸುವ ಬ್ರೆಡ್‌ಬೋರ್ಡು, ಜಂಪರ್ ತಂತಿಗಳು
3. ಕೆಂಪು ಎಲ್.ಇ.ಡಿ. ದೀಪಗಳು, ಒತ್ತುಗುಂಡಿ
4. ರೋಧಕಗಳು (ರೆಸಿಸ್ಟರ್): 220 ಓಮ್, 10 ಸಾವಿರ ಓಮ್ ಮತ್ತು 10 ಲಕ್ಷ ಓಮ್
5. ಕೆಪಾಸಿಟಿವ್ ಮಾದರಿಯ ಮಣ್ಣಿನ ತೇವ ಸಂವೇದಕ (ಸೆನ್ಸರ್)
6. 5 ವೋಲ್ಟಿನ ರಿಲೇ ಬೋರ್ಡು
7. 5 ವೋಲ್ಟಿನ ಪುಟ್ಟ ನೀರಿನ ಪಂಪು, ಅದಕ್ಕೆ ಪ್ರತ್ಯೇಕ ಅಡಾಪ್ಟರ್
8. ಮಲ್ಟಿಮೀಟರ್

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಇವೆಲ್ಲ ಸಿಗುತ್ತವೆ. ಅಂಚೆ ಅಥವಾ ಕೊರಿಯರ್ ಮೂಲಕವೂ ತರಿಸಬಹುದು. ಇವಲ್ಲದೆ ಒಂದು ಕಂಪ್ಯೂಟರ್ ಬೇಕು. ಆರ್ಡುಯಿನೊ ತಂತ್ರಾಂಶವು ಉಚಿತವಾಗಿ ದೊರೆಯುತ್ತದೆ.

ಒಂದು ಸೂಚನೆ. ಬೋರ್ಡನ್ನು ಕಂಪ್ಯೂಟರ್ ಗುರುತಿಸದಿದ್ದರೆ ಬೋರ್ಡೇ ಕೆಟ್ಟಿದೆಯೆಂದು ತಿಳಿಯಬೇಡಿ. ಕೆಲವು ಕೇಬಲ್ಲುಗಳಲ್ಲಿ ಚಾರ್ಜು ಮಾಡುವ ತಂತಿಗಳಷ್ಟೇ ಇದ್ದು ಮಾಹಿತಿಯ ತಂತಿಗಳಿರುವುದಿಲ್ಲ. ಮೊದಲು ಕೇಬಲ್ ಬದಲಾಯಿಸಿ ನೋಡಿ. ಅಗ್ಗದ ಬೋರ್ಡುಗಳಿಗೆ ಸಿ.ಎಚ್. 340 ಎಂಬ ಡ್ರೈವರ್ ತಂತ್ರಾಂಶವೂ ಬೇಕಾಗಬಹುದು.

ಮೊದಲನೆಯ ಪಾಠ: ದೀಪ ಮಿನುಗಿಸುವುದು

ಬೋರ್ಡನ್ನು ಕಂಪ್ಯೂಟರಿಗೆ ಜೋಡಿಸಿ. ತಂತ್ರಾಂಶದಲ್ಲಿ ಫೈಲ್, ಎಕ್ಸಾಂಪಲ್ಸ್, ಬೇಸಿಕ್ಸ್ ಎಂಬಲ್ಲಿಗೆ ಹೋಗಿ ಬ್ಲಿಂಕ್ ಎಂಬ ಸಿದ್ಧ ಪ್ರೋಗ್ರಾಮನ್ನು ತೆರೆದು ಅಪ್‌ಲೋಡ್ ಗುಂಡಿಯನ್ನು ಒತ್ತಿ. ಬೋರ್ಡಿನ ಮೇಲಿರುವ ಪುಟ್ಟ ದೀಪವು ಒಂದು ಸೆಕೆಂಡು ಉರಿದು ಒಂದು ಸೆಕೆಂಡು ಆರುತ್ತದೆ.

ಈಗ ಪ್ರೋಗ್ರಾಮನ್ನು ನಿಧಾನವಾಗಿ ಓದಿ. ಅದರಲ್ಲಿ ಎರಡು ಭಾಗಗಳಿವೆ. ಸೆಟಪ್ ಎಂಬುದು ಬೋರ್ಡು ಎಚ್ಚರವಾದಾಗ ಒಮ್ಮೆ ಮಾತ್ರ ಮಾಡುವ ಕೆಲಸ, ಕೆಲಸಕ್ಕೆ ಮುಂಚೆ ನೇಗಿಲು ನೊಗ ಹೊಂದಿಸಿಕೊಂಡಂತೆ. ಲೂಪ್ ಎಂಬುದು ಮತ್ತೆ ಮತ್ತೆ ಮಾಡುವ ಕೆಲಸ, ಸಾಲಿನ ಮೇಲೆ ಸಾಲು ಹೊಡೆದಂತೆ. ಅದರೊಳಗೆ ಡಿಲೇ ಎಂಬ ಆಜ್ಞೆಯ ಮುಂದೆ 1000 ಎಂದಿದೆ. ಅಂದರೆ 1000 ಮಿಲಿಸೆಕೆಂಡು, ಒಂದು ಸೆಕೆಂಡು ಕಾಯಬೇಕು. ಅದನ್ನು 200 ಮಾಡಿ ಮತ್ತೆ ಅಪ್‌ಲೋಡ್ ಮಾಡಿ. ದೀಪವು ಅವಸರದಿಂದ ಮಿನುಗುತ್ತದೆ. ನೀವು ಬರೆದ ಅಂಕಿ, ನಿಮ್ಮ ಕಣ್ಣೆದುರಿಗೆ ಒಂದು ಕೆಲಸವಾಯಿತು. ಪ್ರೋಗ್ರಾಮಿಂಗ್ ಎಂಬುದರ ಬೀಜ ಇಷ್ಟೇ.

ಮುಂದೆ ಹೊರಗಿನ ಎಲ್.ಇ.ಡಿ.ಯನ್ನು ಜೋಡಿಸಿ. 13ನೆಯ ಪಿನ್ನಿನಿಂದ 220 ಓಮ್ ರೋಧಕ (ಕೆಂಪು-ಕೆಂಪು-ಕಂದು ಪಟ್ಟಿಗಳು), ಅಲ್ಲಿಂದ ಎಲ್.ಇ.ಡಿ.ಯ ಉದ್ದನೆಯ ಕಾಲು, ಗಿಡ್ಡ ಕಾಲಿನಿಂದ ಬೋರ್ಡಿನ ಗ್ರೌಂಡಿಗೆ. ರೋಧಕವೇಕೆ? ಕಾಲುವೆಗೆ ತೂಬು ಇದ್ದ ಹಾಗೆ, ಹರಿಯುವ ಕರೆಂಟನ್ನು ಅದು ತಡೆದು ಮಿತಿಯಲ್ಲಿಡುತ್ತದೆ. ಲೆಕ್ಕ ನೋಡಿ: ಪಿನ್ನಿನ ಒತ್ತಡ 5 ವೋಲ್ಟು. ಕೆಂಪು ಎಲ್.ಇ.ಡಿ. ಸುಮಾರು 2 ವೋಲ್ಟು ತೆಗೆದುಕೊಳ್ಳುತ್ತದೆ. ಉಳಿದ 3 ವೋಲ್ಟನ್ನು 220ರಿಂದ ಭಾಗಿಸಿದರೆ ಸುಮಾರು 14 ಮಿಲಿಆಂಪಿಯರ್ ಆಗುತ್ತದೆ. ಒಂದು ಪಿನ್ನಿನಿಂದ 20 ಮಿಲಿಆಂಪಿಯರಿಗಿಂತ ಹೆಚ್ಚು ಎಳೆಯಬಾರದು. ರೋಧಕವಿಲ್ಲದೆ ಜೋಡಿಸಿದರೆ ದೀಪವೂ ಪಿನ್ನೂ ಹಾಳಾಗಬಹುದು.

ಎರಡನೆಯ ಪಾಠ: ಗುಂಡಿ

ದೀಪವು ಯಂತ್ರದ ಬಾಯಿಯಾದರೆ ಗುಂಡಿ ಅದರ ಕಿವಿ. ಡಿಜಿಟಲ್ ಉದಾಹರಣೆಗಳಲ್ಲಿ ಬಟನ್ ಎಂಬ ಪ್ರೋಗ್ರಾಮಿದೆ. ಗುಂಡಿಯ ಒಂದು ಕಡೆಯನ್ನು 5 ವೋಲ್ಟಿಗೆ, ಇನ್ನೊಂದು ಕಡೆಯನ್ನು 2ನೆಯ ಪಿನ್ನಿಗೆ ಕೊಡಿ. ಅದೇ ಪಿನ್ನಿನಿಂದ 10 ಸಾವಿರ ಓಮ್ ರೋಧಕವನ್ನು (ಕಂದು-ಕಪ್ಪು-ಕಿತ್ತಳೆ) ಗ್ರೌಂಡಿಗೆ ಜೋಡಿಸಿ. ಗುಂಡಿ ಒತ್ತಿದರೆ ದೀಪ ಉರಿಯುತ್ತದೆ, ಬಿಟ್ಟರೆ ಆರುತ್ತದೆ.

ಈಗ ಬೇಕೆಂದೇ ಆ ರೋಧಕವನ್ನು ಕಿತ್ತು ನೋಡಿ. ಗುಂಡಿ ಮುಟ್ಟದಿದ್ದರೂ ದೀಪ ತನ್ನಿಷ್ಟಕ್ಕೆ ಉರಿದು ಆರಬಹುದು. ಕೈ ಹತ್ತಿರ ತಂದರೂ ಬದಲಾಗಬಹುದು. ಯಾವುದಕ್ಕೂ ಕಟ್ಟಿಲ್ಲದ ಪಿನ್ನು ಗೂಟವಿಲ್ಲದ ದನದಂತೆ ಎತ್ತ ಬೇಕಾದರೂ ಹೋಗುತ್ತದೆ. ಗುಂಡಿ ಒತ್ತದಿರುವಾಗ ಅದನ್ನು ಸೊನ್ನೆಯಲ್ಲಿ ಕಟ್ಟಿಹಾಕುವುದೇ ಆ ರೋಧಕದ ಕೆಲಸ. ಈ ಮಾತನ್ನು ನೆನಪಿನಲ್ಲಿಡಿ. ಇದನ್ನು ಮರೆತದ್ದರಿಂದ ಆದ ನಷ್ಟವನ್ನು ಮುಂದೆ ಹೇಳುತ್ತೇನೆ.

ಮೂರನೆಯ ಪಾಠ: ಮಣ್ಣಿನ ತೇವ ಅಳೆಯುವುದು

ಪೇಟೆಯಲ್ಲಿ ಎರಡು ಬಗೆಯ ತೇವ ಸಂವೇದಕಗಳಿವೆ. ಎರಡು ಲೋಹದ ಹಲ್ಲುಗಳಿರುವ ಬಗೆಯು ಬಹಳ ಅಗ್ಗ. ಆದರೆ ತೇವದ ಮಣ್ಣಿನಲ್ಲಿ ಕರೆಂಟು ಹರಿದಾಗ ಆ ಹಲ್ಲುಗಳು ಸವೆದು ತುಕ್ಕು ಹಿಡಿಯುತ್ತವೆ. ಬೇಗನೆ ತಪ್ಪು ಅಂಕಿ ಹೇಳತೊಡಗುತ್ತವೆ. ಕೆಪಾಸಿಟಿವ್ ಬಗೆಯಲ್ಲಿ ಲೋಹವು ಮಣ್ಣನ್ನು ಮುಟ್ಟುವುದಿಲ್ಲವಾದ್ದರಿಂದ ಅದೇ ಮೇಲು.

ಇದಕ್ಕೆ ಮೂರು ತಂತಿಗಳಿವೆ: 5 ವೋಲ್ಟು, ಗ್ರೌಂಡು ಮತ್ತು ಅಂಕಿ ಹೇಳುವ ತಂತಿ. ಮೂರನೆಯದನ್ನು ಎ-0 ಎಂಬ ಅನಲಾಗ್ ಪಿನ್ನಿಗೆ ಕೊಡಿ. ಬೇಸಿಕ್ಸ್ ಉದಾಹರಣೆಗಳಲ್ಲಿರುವ ಅನಲಾಗ್ ರೀಡ್ ಸೀರಿಯಲ್ ಎಂಬ ಪ್ರೋಗ್ರಾಮನ್ನು ಹಾಕಿ, ಸೀರಿಯಲ್ ಮಾನಿಟರ್ ತೆರೆಯಿರಿ. ಅಂಕಿಗಳು ಸಾಲಾಗಿ ಬರುತ್ತವೆ. ಈ ಬಗೆಯಲ್ಲಿ ಒಣಗಿದಷ್ಟೂ ಅಂಕಿ ಏರುತ್ತದೆ, ತೇವವಾದಷ್ಟೂ ಇಳಿಯುತ್ತದೆ. ನನ್ನ ಬಳಿಯಿರುವ ಒಂದು ಸಂವೇದಕವು ಗಾಳಿಯಲ್ಲಿ 590 ಎಂದೂ ನೀರಿನಲ್ಲಿ 280 ಎಂದೂ ಹೇಳುತ್ತದೆ. ನಿಮ್ಮದು ಬೇರೆಯೇ ಹೇಳಬಹುದು. ನೀರಿನಲ್ಲಿ ಅದ್ದುವಾಗ ಅದರ ಮೇಲಿನ ಗೆರೆಯನ್ನು ದಾಟಬಾರದು. ಗೆರೆಯ ಮೇಲಿರುವ ಬಿಡಿಭಾಗಗಳಿಗೆ ನೀರು ತಗುಲಬಾರದು.

ಅಂಕಿಗೆ ಅರ್ಥ ಕೊಡುವುದು

ಇಲ್ಲಿಯೇ ಹಲವರು ಎಡವುತ್ತಾರೆ. 430 ಎಂಬ ಅಂಕಿ ಬಂದರೆ ಅದು ಮಣ್ಣಿನ ತೇವಾಂಶವಲ್ಲ, ಬರಿಯ ಒಂದು ಅಂಕಿ. ಅದು ಕೆಂಪು ಮರಳು ಮಣ್ಣಿನಲ್ಲಿ ಒಂದನ್ನು ಹೇಳಿದರೆ ಎರೆಮಣ್ಣಿನಲ್ಲಿ ಇನ್ನೊಂದನ್ನು ಹೇಳುತ್ತದೆ. ಎರೆಮಣ್ಣು ಹೆಚ್ಚು ನೀರನ್ನು ಹಿಡಿದಿಡುತ್ತದೆ. ಅದಲ್ಲದೆ ಒಣಗಿದಾಗ ಬಿರುಕು ಬಿಟ್ಟು, ಸಂವೇದಕಕ್ಕೂ ಮಣ್ಣಿಗೂ ನಡುವೆ ಗಾಳಿ ಸೇರಿದರೆ ಅಂಕಿ ಒಮ್ಮೆಲೇ ಏರಿಬಿಡುತ್ತದೆ. ಆದ್ದರಿಂದ ನಿಮ್ಮ ಹೊಲದಲ್ಲಿಯೇ ಅದಕ್ಕೆ ಕಲಿಸಬೇಕು. ಕ್ರಮ ಹೀಗಿದೆ:

1. ಬೇರು ಹರಡಿರುವ ಆಳದಲ್ಲಿ, ತರಕಾರಿಗಳಿಗೆ ಸುಮಾರು 15 ಸೆಂಟಿಮೀಟರಿನಲ್ಲಿ, ಪಕ್ಕದಿಂದ ಗುಣಿ ತೋಡಿ ಸಂವೇದಕವನ್ನು ಅಡ್ಡಲಾಗಿ ಚುಚ್ಚಿ, ಮಣ್ಣನ್ನು ಬಿಗಿಯಾಗಿ ಮುಚ್ಚಬೇಕು. ಹೂಳುವ ಮುಂಚೆ ಬಿಡಿಭಾಗಗಳಿರುವ ತುದಿಯನ್ನು ನೀರು ಸೇರದಂತೆ ಮೇಣ ಅಥವಾ ಅಂಟಿನಿಂದ ಮುಚ್ಚಬೇಕು.
2. ಚೆನ್ನಾಗಿ ನೀರು ಕೊಟ್ಟು, ಹೆಚ್ಚಿನ ನೀರು ಬಸಿದುಹೋಗಲು ಬಿಡಬೇಕು. ಹಗುರ ಮಣ್ಣಿನಲ್ಲಿ ಒಂದು ದಿನ, ಎರೆಮಣ್ಣಿನಲ್ಲಿ ಎರಡು ಮೂರು ದಿನ. ಆಗಿನ ಅಂಕಿಯನ್ನು ಬರೆದಿಡಬೇಕು.
3. ಆಮೇಲೆ ದಿನವೂ ಬೆಳಿಗ್ಗೆ ಅದೇ ಆಳದ ಒಂದು ಹಿಡಿ ಮಣ್ಣನ್ನು ತೆಗೆದು ಮುಷ್ಟಿಯಲ್ಲಿ ಅದುಮಿ ನೋಡಬೇಕು. ಕೈ ಹೇಳಿದ್ದನ್ನೂ ಸಂವೇದಕ ಹೇಳಿದ್ದನ್ನೂ ಪುಸ್ತಕದಲ್ಲಿ ಅಕ್ಕಪಕ್ಕ ಬರೆಯಬೇಕು.
4. 'ಇಂದು ನೀರು ಕೊಡಲೇಬೇಕು' ಎಂದು ನಿಮ್ಮ ಕೈ ಹೇಳಿದ ದಿನದ ಅಂಕಿಯೇ ಈ ಹೊಲದ, ಈ ಬೆಳೆಯ ಹದದ ಅಂಕಿ.

ಇನ್ನೂ ಖಚಿತವಾಗಿ ತಿಳಿಯಬೇಕೆಂದರೆ ಮಣ್ಣನ್ನು ತೂಗಿ, ಪ್ರಯೋಗಾಲಯದ ಒಲೆಯಲ್ಲಿ 105 ಡಿಗ್ರಿ ಸೆಂಟಿಗ್ರೇಡಿನಲ್ಲಿ 24 ಗಂಟೆ ಒಣಗಿಸಿ ಮತ್ತೆ ತೂಗಬೇಕು. 115 ಗ್ರಾಂ ಇದ್ದದ್ದು 100 ಗ್ರಾಂಗೆ ಇಳಿದರೆ ತೇವಾಂಶವು ಒಣ ಮಣ್ಣಿನ ತೂಕದ ಶೇಕಡ 15. ಹೀಗೆ ನಾಲ್ಕೈದು ಮಾದರಿಗಳನ್ನು ಅಂಕಿಗಳೊಡನೆ ಹೋಲಿಸಿದರೆ ನಿಮ್ಮ ಮಣ್ಣಿನ ಸ್ವಂತ ಪಟ್ಟಿಯೇ ಸಿದ್ಧವಾಗುತ್ತದೆ.

ನಾಲ್ಕನೆಯ ಪಾಠ: ಪಂಪು ನಡೆಸುವುದು

ಪಿನ್ನಿನ 20 ಮಿಲಿಆಂಪಿಯರಿನಿಂದ ಪುಟ್ಟ ಪಂಪೂ ತಿರುಗದು. ನಡುವೆ ರಿಲೇ ಬೇಕು. ಸಣ್ಣ ಕರೆಂಟು ಸುರುಳಿಯಲ್ಲಿ ಹರಿದು ಅಯಸ್ಕಾಂತವಾಗುತ್ತದೆ. ಅದು ದೊಡ್ಡ ಕರೆಂಟಿನ ಸ್ವಿಚ್ಚನ್ನು ಎಳೆಯುತ್ತದೆ. ರಿಲೇ ಬೋರ್ಡಿನ ಸಂಕೇತದ ತಂತಿಯನ್ನು 7ನೆಯ ಪಿನ್ನಿಗೆ ಕೊಡಿ. ಪಂಪಿಗೆ ಪ್ರತ್ಯೇಕ ಅಡಾಪ್ಟರಿನಿಂದ ರಿಲೇ ಮೂಲಕ ಕರೆಂಟು ಕೊಡಿ. ಹಲವು ರಿಲೇ ಬೋರ್ಡುಗಳು ಉಲ್ಟಾ ಕೆಲಸ ಮಾಡುತ್ತವೆ. ಪಿನ್ನು ಸೊನ್ನೆಯಾದಾಗ ಹತ್ತುತ್ತವೆ. ಪಂಪು ಜೋಡಿಸುವ ಮುಂಚೆ ಬರಿಯ ರಿಲೇಯ 'ಟಕ್' ಶಬ್ದ ಕೇಳಿ ಇದನ್ನು ತಿಳಿದುಕೊಳ್ಳಬೇಕು.

ಪ್ರೋಗ್ರಾಮಿನಲ್ಲಿ ಒಂದೇ ಅಂಕಿಯನ್ನು ಇಟ್ಟರೆ, ಅಂಕಿ ಆ ಗೆರೆಯ ಆಚೆ ಈಚೆ ಓಲಾಡುವಾಗ ರಿಲೇ ಒಂದೇ ಸಮನೆ ಬಡಿದುಕೊಳ್ಳುತ್ತದೆ. ಅದಕ್ಕಾಗಿ ಎರಡು ಅಂಕಿಗಳನ್ನು ಇಡಬೇಕು: 480ಕ್ಕಿಂತ ಮೇಲೇರಿದರೆ ಪಂಪು ಹತ್ತಲಿ, 380ಕ್ಕಿಂತ ಕೆಳಗಿಳಿದರೆ ನಿಲ್ಲಲಿ, ನಡುವೆ ಇದ್ದರೆ ಈಗ ಹೇಗಿದೆಯೋ ಹಾಗೆಯೇ ಇರಲಿ. (ಈ ಅಂಕಿಗಳ ಜಾಗದಲ್ಲಿ ನಿಮ್ಮ ಪುಸ್ತಕದಲ್ಲಿರುವ ಅಂಕಿಗಳನ್ನು ಹಾಕಬೇಕು.) ಒಂದೇ ಸಲ ಓದಿದ್ದನ್ನು ನಂಬದೆ ಹತ್ತು ಸಲ ಓದಿ ಸರಾಸರಿ ತೆಗೆಯುವುದು ಒಳ್ಳೆಯದು.

ನನಗಾದ ನಷ್ಟ

ನನ್ನ ಮೊದಲ ಸಾಧನವನ್ನು ಮೆಣಸಿನಕಾಯಿಯ ಸಸಿಮಡಿಗೆ ಹಾಕಿದ್ದೆ. ಹನ್ನೆರಡು ದಿನ ಚೆನ್ನಾಗಿ ಕೆಲಸ ಮಾಡಿತು. ಇನ್ನು ಚಿಂತೆಯಿಲ್ಲವೆಂದು ನೆಂಟರ ಮನೆಯ ಮದುವೆಗೆ ಹೋದೆ. ಆ ರಾತ್ರಿ ಹೆಗ್ಗಣವೊಂದು ಸಂವೇದಕದ ತಂತಿಯನ್ನು ಕಡಿಯಿತು. ಕಟ್ಟಿಲ್ಲದ ಪಿನ್ನು ಬಾಯಿಗೆ ಬಂದ ಅಂಕಿ ಹೇಳಿತು. ಮಣ್ಣು ಒಣಗಿದೆಯೆಂದು ತಿಳಿದ ಬೋರ್ಡು ಪಂಪನ್ನು ಹತ್ತಿಸಿತು. ತೊಟ್ಟಿಯ ನೀರೆಲ್ಲ ಸಸಿಮಡಿಯಲ್ಲಿ ನಿಂತಿತು. ಕೆಲವೇ ದಿನಗಳಲ್ಲಿ ಸಸಿಗಳು ಬುಡ ಕೊಳೆತು ಸಾಲುಸಾಲಾಗಿ ಮಲಗಿದವು. ಅರ್ಧಕ್ಕಿಂತ ಹೆಚ್ಚು ಹೋದವು. ಮತ್ತೆ ಬೀಜ ಚೆಲ್ಲಿ, ನಾಟಿಯು ಒಂದು ತಿಂಗಳಿಗೂ ಹೆಚ್ಚು ತಡವಾಯಿತು.

ತಪ್ಪು ಹೆಗ್ಗಣದ್ದಲ್ಲ, ನನ್ನದು. ತಂತಿ ಕಡಿದರೆ ಏನು ಮಾಡಬೇಕೆಂದು ನಾನು ಯಂತ್ರಕ್ಕೆ ಕಲಿಸಿರಲಿಲ್ಲ. ಅಂದಿನಿಂದ ಈ ನಾಲ್ಕು ಕಟ್ಟುಗಳಿಲ್ಲದೆ ಯಾವ ಪಂಪನ್ನೂ ಯಂತ್ರದ ಕೈಗೆ ಕೊಟ್ಟಿಲ್ಲ:

1. ಎ-0 ಪಿನ್ನಿನಿಂದ ಗ್ರೌಂಡಿಗೆ 10 ಲಕ್ಷ ಓಮ್ ರೋಧಕ (ಕಂದು-ಕಪ್ಪು-ಹಸಿರು). ತಂತಿ ಕಡಿದರೆ ಅಂಕಿ ಸೊನ್ನೆಯ ಹತ್ತಿರಕ್ಕೆ ಬೀಳುತ್ತದೆ. ಹದದ ಅಂಕಿಗಳನ್ನು ಈ ರೋಧಕ ಹಾಕಿದ ಮೇಲೆಯೇ ಬರೆದುಕೊಳ್ಳಬೇಕು.
2. ಅಂಕಿಯು ನೀರಿನ ಅಂಕಿಗಿಂತ ಬಹಳ ಕೆಳಗಿದ್ದರೆ ಅಥವಾ ಗಾಳಿಯ ಅಂಕಿಗಿಂತ ಮೇಲಿದ್ದರೆ ಸಂವೇದಕ ಕೆಟ್ಟಿದೆಯೆಂದು ತಿಳಿದು ಪಂಪು ನಿಲ್ಲಿಸಿ, ಕೆಂಪು ದೀಪ ಮಿನುಗಿಸಬೇಕು.
3. ಒಂದು ಸಲಕ್ಕೆ ಎರಡು ನಿಮಿಷಕ್ಕಿಂತ ಹೆಚ್ಚು ಪಂಪು ಓಡಬಾರದು. ಅನಂತರ ಅರ್ಧ ಗಂಟೆ ಬಿಡುವು. ನೀರು ಇಂಗಿ ಸಂವೇದಕದ ಆಳಕ್ಕೆ ಇಳಿಯಲು ಈ ಬಿಡುವು ಬೇಕೇ ಬೇಕು.
4. ಇಡೀ ದಿನಕ್ಕೆ ಇಷ್ಟೇ ಸಲ ಎಂಬ ಮಿತಿ. ಬೇರೆಲ್ಲ ಕಟ್ಟುಗಳು ತಪ್ಪಿದರೂ ಇದು ಕಾಯುತ್ತದೆ.

ಪ್ರೋಗ್ರಾಮು ಮುಗಿದ ಮೇಲೆ ನೀವೇ ಹೆಗ್ಗಣವಾಗಿ ಒಂದೊಂದೇ ತಂತಿಯನ್ನು ಕಿತ್ತು ನೋಡಿ. ಪ್ರತಿ ಸಲವೂ ಪಂಪು ನಿಂತರೆ ಮಾತ್ರ ಸಾಧನ ಸಿದ್ಧವಾಯಿತೆಂದು ತಿಳಿಯಬೇಕು.

ದೊಡ್ಡ ಪಂಪ್‌ಸೆಟ್ಟಿನ ವಿಷಯದಲ್ಲಿ ಎಚ್ಚರಿಕೆ

ಇಲ್ಲಿಯವರೆಗೆ ಹೇಳಿದ ಪಾಠಗಳೆಲ್ಲ 5 ವೋಲ್ಟಿನವು. ಮನೆಯ 230 ವೋಲ್ಟೂ ಪಂಪ್‌ಸೆಟ್ಟಿನ 415 ವೋಲ್ಟೂ ಹಾಗಲ್ಲ. ಅಲ್ಲಿ ಒಂದು ತಪ್ಪು ಜೀವವನ್ನೇ ತೆಗೆಯುತ್ತದೆ. ಕಲಿಯುವ ಮಕ್ಕಳು ಅದರ ಹತ್ತಿರ ಹೋಗಬಾರದು.

ಪುಟ್ಟ ರಿಲೇಯ ಮೇಲೆ 10 ಆಂಪಿಯರ್ ಎಂದು ಬರೆದಿರುತ್ತದೆ. 5 ಅಶ್ವಶಕ್ತಿಯ ಮೂರು ಫೇಸಿನ ಮೋಟರು ಓಡುವಾಗ 7–8 ಆಂಪಿಯರ್ ಎಳೆಯುತ್ತದೆಯಲ್ಲವೇ, ಸಾಕಲ್ಲ ಎಂದು ತೋರಬಹುದು. ಆದರೆ ನೇರ ಸ್ಟಾರ್ಟರಿನಲ್ಲಿ ಮೋಟರು ಹೊರಡುವಾಗ ಅದರ ಸುಮಾರು ಆರು ಪಟ್ಟು ಎಳೆಯುತ್ತದೆ. ರಿಲೇಯ ತುದಿಗಳು ಬೆಸೆದುಕೊಂಡರೆ ಪ್ರೋಗ್ರಾಮು ಎಷ್ಟು ಸಲ ನಿಲ್ಲು ಎಂದರೂ ಮೋಟರು ನಿಲ್ಲದು. ಆದ್ದರಿಂದ ರಿಲೇಯು ಸ್ಟಾರ್ಟರಿನ ಸುರುಳಿಯನ್ನು ಮಾತ್ರ ನಡೆಸಬೇಕು. ಆ ಜೋಡಣೆಯನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್ನರಿಂದಲೇ ಮಾಡಿಸಬೇಕು. ಓವರ್‌ಲೋಡ್ ರಿಲೇ, ಸಿಂಗಲ್ ಫೇಸ್ ಪ್ರಿವೆಂಟರ್ ಮತ್ತು ಅರ್ಥಿಂಗ್ ಇವುಗಳನ್ನು ಯಾವ ಕಾರಣಕ್ಕೂ ತಪ್ಪಿಸಬಾರದು. ಪೆಟ್ಟಿಗೆಗೆ ಬಿಗಿಯಾದ ಮುಚ್ಚಳವಿರಲಿ. ಹಲ್ಲಿ ಇರುವೆಗಳಿಗೆ ಬೆಚ್ಚನೆಯ ಪೆಟ್ಟಿಗೆ ಬಹಳ ಇಷ್ಟ.

ರೋಬೋ ಎಂದರೆ ಇದೇ

ರೋಬೋ ಎಂದಾಗ ಮನುಷ್ಯನಂತೆ ನಡೆಯುವ ಲೋಹದ ಗೊಂಬೆ ನೆನಪಾಗುತ್ತದೆ. ಆದರೆ ಸುತ್ತಲಿನದನ್ನು ಅರಿಯುವುದು, ಅರಿತದ್ದರಿಂದ ತೀರ್ಮಾನಿಸುವುದು, ತೀರ್ಮಾನದಂತೆ ಕೆಲಸ ಮಾಡುವುದು — ಈ ಮೂರೇ ರೋಬೋವಿನ ಮೂಲ ಗುಣಗಳು. ಮೇಲಿನ ನಾಲ್ಕು ಪಾಠಗಳಲ್ಲಿ ಇವು ಮೂರೂ ಬಂದವು.

ಮುಂದಿನ ಹೆಜ್ಜೆಯಾಗಿ ಸರ್ವೊ ಎಂಬ ಪುಟ್ಟ ಮೋಟರನ್ನು ಕಲಿಯಬಹುದು. ಹೇಳಿದಷ್ಟು ಡಿಗ್ರಿ, ಸಾಮಾನ್ಯವಾಗಿ 0ಯಿಂದ 180ರ ವರೆಗೆ, ತಿರುಗಿ ನಿಲ್ಲುವುದು ಅದರ ಗುಣ. ಸ್ವೀಪ್ ಎಂಬ ಉದಾಹರಣೆ ತಂತ್ರಾಂಶದಲ್ಲಿಯೇ ಇದೆ. ಸರ್ವೊ ಒಮ್ಮೆಲೇ ಹೆಚ್ಚು ಕರೆಂಟು ಎಳೆದು ಬೋರ್ಡನ್ನು ಮಂಕಾಗಿಸುವುದುಂಟು. ಅದಕ್ಕೆ ಬೇರೆ 5 ವೋಲ್ಟಿನ ಅಡಾಪ್ಟರ್ ಕೊಟ್ಟು, ಎರಡರ ಗ್ರೌಂಡನ್ನು ಮಾತ್ರ ಒಟ್ಟಿಗೆ ಕಟ್ಟಬೇಕು. ಕೋಳಿಗಳ ಆಹಾರದ ಡಬ್ಬಿಯ ಮುಚ್ಚಳವನ್ನು ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚುವ ಕೆಲಸದಿಂದ ಮಕ್ಕಳು ಪ್ರಾರಂಭಿಸಬಹುದು.

ಕೊನೆಯದಾಗಿ

ಇವೆಲ್ಲವನ್ನೂ ಒಂದೇ ವಾರದಲ್ಲಿ ಕಲಿಯಲು ಅವಸರಪಡಬೇಡಿ. ವಾರಕ್ಕೆ ಒಂದು ಪಾಠ ಸಾಕು. ಮೊದಲ ಬೆಳೆಯಲ್ಲಿ ಸಾಧನವು ಅಳೆಯಲಿ, ನೀರನ್ನು ನೀವೇ ಕೊಡಿ. ಎರಡನೆಯ ಬೆಳೆಯಲ್ಲಿ ಒಂದು ಮಡಿಯನ್ನು ಮಾತ್ರ ಅದಕ್ಕೆ ಒಪ್ಪಿಸಿ, ಪಕ್ಕದ ಮಡಿಗೆ ನಿಮ್ಮ ಪದ್ಧತಿಯಂತೆ ನೀರು ಕೊಟ್ಟು ಹೋಲಿಸಿ ನೋಡಿ. ಲಾಭ ಕಂಡರೆ ವಿಸ್ತರಿಸಿ, ಕಾಣದಿದ್ದರೆ ಬಿಟ್ಟುಬಿಡಿ. ಕಲಿತ ವಿದ್ಯೆಯಂತೂ ನಷ್ಟವಾಗುವುದಿಲ್ಲ. ನಾಳೆ ಪೇಟೆಯಿಂದ ದೊಡ್ಡ ಪೆಟ್ಟಿಗೆಯನ್ನು ಕೊಳ್ಳಲು ಹೋದಾಗ 'ತಂತಿ ಕಡಿದರೆ ಇದು ಏನು ಮಾಡುತ್ತದೆ? ಹದದ ಅಂಕಿಯನ್ನು ನಾನೇ ಬದಲಾಯಿಸಬಹುದೇ?' ಎಂದು ನೀವು ಕೇಳಬಲ್ಲಿರಿ.

ಮತ್ತು ದಿನಕ್ಕೊಮ್ಮೆಯಾದರೂ ಹೊಲಕ್ಕೆ ಹೋಗಿ ಒಂದು ಹಿಡಿ ಮಣ್ಣನ್ನು ಅದುಮಿ ನೋಡುವುದನ್ನು ಬಿಡಬೇಡಿ. ಯಂತ್ರಕ್ಕೆ ಹದ ಕಲಿಸಿದ್ದು ಆ ಕೈಯೇ. ಅದು ತಪ್ಪಿದಾಗ ತಿದ್ದಬೇಕಾದದ್ದೂ ಆ ಕೈಯೇ.